ಆಫ್, ಅಪ್, ಔಟ್: ಸಣ್ಣ ಪದಗಳ ದೊಡ್ಡ ಕಿತಾಪತಿ

ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ನಮ್ಮೂರಿನ ಹುಡುಗರು ಸಿಗುತ್ತಾರೆ. ಒಬ್ಬ ಬೇಕರಿಯಲ್ಲಿ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿ, ಮತ್ತೊಬ್ಬ ಟ್ಯಾಕ್ಸಿಯ ಸ್ಟೇರಿಂಗ್ ಹಿಡಿದು. ಈಗೀಗ ಕುತ್ತಿಗೆಗೆ ಗುರುತಿನ ಚೀಟಿ ನೇತು ಹಾಕಿಕೊಂಡು ಆಫೀಸಿಗೆ ಹೋಗುವ ಹೆಣ್ಣುಮಕ್ಕಳೂ ಕಡಿಮೆಯೇನಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದಲ್ಲಿ ಕಿವಿಗೆ ಬೀಳುವ ಇಂಗ್ಲಿಷೇ ಬೇರೆಯಾಯಿತು. ಮೊದಲು ಯಶವಂತಪುರದ ಮಂಡಿಯಲ್ಲೋ ಆರ್.ಟಿ. ನಗರದ ಅಂಗಡಿಯಲ್ಲೋ ಕನ್ನಡ, ಉರ್ದು, ತಮಿಳು, ಜೊತೆಗೆ ನಮ್ಮ ಬ್ಯಾರಿ ಬಾಸೆ ಇದ್ದರೆ ಸಂಸಾರ ನಡೆಯುತ್ತಿತ್ತು. ಈಗ ಗಿರಾಕಿಯೂ ಇಂಗ್ಲಿಷ್, ಮ್ಯಾನೇಜರೂ ಇಂಗ್ಲಿಷ್, ಮೊಬೈಲಿನೊಳಗಿನ ಆ್ಯಪ್ ಕೂಡ ಇಂಗ್ಲಿಷ್.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹೇಳಲಿಕ್ಕಾಗುವುದಿಲ್ಲ. ಹತ್ತನೇ ಕ್ಲಾಸು, ಪಿಯುಸಿ ಮುಗಿಸಿ ಬಂದವರೇ ಹೆಚ್ಚು. ದೊಡ್ಡ ದೊಡ್ಡ ಪದಗಳ ಅರ್ಥ ಕೇಳಿದರೆ ಪಟಪಟ ಹೇಳುತ್ತಾರೆ. ಅವರು ಎಡವುವುದು ಸಣ್ಣ ಪದಗಳಲ್ಲಿ. ‘ಲುಕ್’ ಗೊತ್ತುಂಟು, ‘ಆಫ್ಟರ್’ ಗೊತ್ತುಂಟು. ಎರಡೂ ಸೇರಿ ‘ಲುಕ್ ಆಫ್ಟರ್’ ಆದಾಗ ನೋಡುವುದೂ ಅಲ್ಲ, ನಂತರವೂ ಅಲ್ಲ, ಮೂರನೆಯದೇ ಒಂದು ಹುಟ್ಟುತ್ತದೆ. ಇದಕ್ಕೆ ಇಂಗ್ಲಿಷಿನವರು ‘ಫ್ರೇಸಲ್ ವರ್ಬ್’ ಅಂತ ಹೆಸರಿಟ್ಟಿದ್ದಾರೆ. ನಾವು ಹುಡುಗರಿಗೆ ಹೇಳುವಾಗ ‘ಬಾಲ ಇರುವ ಕ್ರಿಯಾಪದ’ ಅನ್ನುತ್ತೇವೆ. ತಲೆ ಅದೇ, ಬಾಲ ಬದಲಾದರೆ ಪ್ರಾಣಿಯೇ ಬೇರೆ.

ಒಂದು ಉದಾಹರಣೆ ನೋಡಿ. ಮಗುವಿನ ಶಾಲೆಗೋ ಮನೆ ಬಾಡಿಗೆಯ ಕಚೇರಿಗೋ ದೂರು ತೆಗೆದುಕೊಂಡು ಹೋಗುತ್ತೀರಿ. ಅಲ್ಲಿ ಕುಳಿತವರು ನಗುತ್ತಾ ‘ವಿ ವಿಲ್ ಲುಕ್ ಇನ್‌ಟು ಇಟ್’ ಅನ್ನುತ್ತಾರೆ. ನಮ್ಮವರು ಮನೆಗೆ ಬಂದು ಹೇಳುವುದು, ‘ಅವರು ನೋಡಿಕೊಳ್ತಾರಂತೆ’ ಅಂತ. ಅಲ್ಲಿಗೆ ನೆಮ್ಮದಿ. ತಿಂಗಳು ಕಳೆದರೂ ಏನೂ ಆಗುವುದಿಲ್ಲ. ಮೋಸ ಮಾಡಿದರು ಅಂತ ಸಿಟ್ಟು ಬರುತ್ತದೆ. ಆದರೆ ಅವರು ನೋಡಿಕೊಳ್ಳುತ್ತೇವೆ ಅಂತ ಹೇಳಲೇ ಇಲ್ಲವಲ್ಲ. ‘ಲುಕ್ ಇನ್‌ಟು’ ಅಂದರೆ ವಿಷಯ ಏನು ಅಂತ ವಿಚಾರಿಸಿ ನೋಡುವುದು, ಅಷ್ಟೇ. ವಿಚಾರಿಸಿ, ಆಗುವುದಿಲ್ಲ ಅಂತಲೂ ಹೇಳಬಹುದು. ‘ಲುಕ್ ಆಫ್ಟರ್’ ಅಂದಿದ್ದರೆ ಜವಾಬ್ದಾರಿ ಹೊತ್ತ ಹಾಗೆ. ‘ಲುಕ್ ಫಾರ್’ ಅಂದರೆ ಹುಡುಕುವುದು. ‘ಲುಕ್ ಅಪ್’ ಅಂದರೆ ಡಿಕ್ಷನರಿಯಲ್ಲೋ ಪಟ್ಟಿಯಲ್ಲೋ ತೆಗೆದು ನೋಡುವುದು. ಅದಕ್ಕೇ ಇನ್ನೊಂದು ‘ಟು’ ಸೇರಿಸಿ ‘ಲುಕ್ ಅಪ್ ಟು’ ಅಂದರೆ ಒಬ್ಬರನ್ನು ಹಿರಿಯರೆಂದು ಗೌರವಿಸುವುದು. ‘ಲುಕ್ ಡೌನ್ ಆನ್’ ಅಂದರೆ ಕೀಳಾಗಿ ಕಾಣುವುದು. ‘ಲುಕ್ ಔಟ್’ ಅಂತ ಯಾರಾದರೂ ಕೂಗಿದರೆ ಕಿಟಕಿಯಿಂದ ಹೊರಗೆ ನೋಡುತ್ತಾ ನಿಲ್ಲಬೇಡಿ. ಅದು ‘ಜಾಗ್ರತೆ’ ಅನ್ನುವ ಎಚ್ಚರಿಕೆ, ತಲೆ ಮೇಲೆ ಏನೋ ಬೀಳುತ್ತಾ ಇರಬಹುದು.

ಇದೇನು ಹುಚ್ಚು ಭಾಷೆ ಅಂತ ಕೆಲವರು ನಗುತ್ತಾರೆ. ನಗುವ ಮೊದಲು ನಮ್ಮ ಕನ್ನಡವನ್ನು ಒಮ್ಮೆ ತಿರುಗಿ ನೋಡಬೇಕು. ‘ನೋಡು’ ಬೇರೆ, ‘ನೋಡಿಕೋ’ ಬೇರೆ, ‘ನೋಡಿಕೊಡು’ ಬೇರೆ. ಅಂಗಡಿಯವನು ‘ಲೆಕ್ಕ ನೋಡಿಕೊಡ್ತೇನೆ’ ಅಂದರೆ ಉಪಕಾರ. ಪಕ್ಕದ ಮನೆಯವರು ‘ಮಗುವನ್ನು ನೋಡಿಕೊಳ್ತೇನೆ’ ಅಂದರೆ ಸಹಾಯ. ಅದೇ ಮಾತನ್ನು ಜಗಳದಲ್ಲಿ ‘ನಿನ್ನನ್ನು ನೋಡಿಕೊಳ್ತೇನೆ’ ಅಂದರೆ ಬೆದರಿಕೆ. ‘ಒಂದು ಕೈ ನೋಡಿಯೇಬಿಡುವ’ ಅಂದರೆ ಜಗಳಕ್ಕೆ ತೋಳೇರಿಸಿದ ಹಾಗೆ. ಹೇಳು, ಹೇಳಿಕೊಡು, ಹೇಳಿಕೊಳ್ಳು, ಹೇಳಿಬಿಡು ಇವುಗಳ ವ್ಯತ್ಯಾಸ ನಮಗೆ ಯಾರೂ ಪಾಠ ಮಾಡಲಿಲ್ಲ. ಉಸ್ತಾದರು ಹೇಳಿಕೊಡುತ್ತಾರೆ, ದುಃಖ ಇದ್ದವರು ಹೇಳಿಕೊಳ್ಳುತ್ತಾರೆ, ಗುಟ್ಟು ತಡೆಯಲಾಗದವರು ಹೇಳಿಬಿಡುತ್ತಾರೆ. ಬಿಹಾರದಿಂದ ಬಂದು ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಹುಡುಗನಿಗೆ ಇದೂ ಹುಚ್ಚು ಭಾಷೆಯೇ. ಪಾಪ, ‘ಹತ್ತು’ ಅಂದರೆ ಏರುವುದು ಅಂತ ಕಲಿತ ಅವನಿಗೆ ‘ಬೆಂಕಿ ಹತ್ತಿಕೊಂಡಿತು’ ಅಂದರೆ ಬೆಂಕಿ ಎಲ್ಲಿಗೆ ಏರಿತು ಅಂತ ಹೊಳೆಯುವುದು ಹೇಗೆ?

ಬ್ಯಾರಿ ಬಾಸೆಯೂ ದ್ರಾವಿಡ ಕುಟುಂಬದ್ದೇ ಆದ್ದರಿಂದ ಅಲ್ಲಿಯೂ ಕ್ರಿಯಾಪದದ ಹಿಂದೆ ಇನ್ನೊಂದು ಕ್ರಿಯಾಪದ ಬಂದು ಸೇರಿಕೊಳ್ಳುತ್ತದೆ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2009ರಲ್ಲಿ. ಅದಕ್ಕಿಂತ ಎಷ್ಟೋ ತಲೆಮಾರು ಮೊದಲಿನಿಂದ ಈ ಸೂಕ್ಷ್ಮಗಳನ್ನೆಲ್ಲ ಪುಸ್ತಕದ ಹಂಗಿಲ್ಲದೆ ಉಮ್ಮಂದಿರು ಅಡುಗೆಮನೆಯಲ್ಲೇ ಮಕ್ಕಳಿಗೆ ದಾಟಿಸಿದ್ದಾರೆ. ಇಂಗ್ಲಿಷಿನ ಬಾಲದ ಕ್ರಿಯಾಪದಗಳೂ ಹಾಗೆಯೇ, ಅವರ ಅಡುಗೆಮನೆಯ ಭಾಷೆ. ಶಾಲೆಯ ಪುಸ್ತಕದಲ್ಲಿ ಅವು ಕಡಿಮೆ ಸಿಗುವುದಕ್ಕೆ ಇದೂ ಒಂದು ಕಾರಣ.

ಮದ್ರಸದಲ್ಲಿ ಸ್ವಲ್ಪ ಮುಂದಿನ ತರಗತಿವರೆಗೆ ಓದಿದವರಿಗೆ ಅರಬಿಯ ದಾರಿಯಿಂದ ಇದನ್ನು ಹೇಳಿದರೆ ಬೇಗ ಹೊಳೆಯುತ್ತದೆ. ‘ನಝರ ಇಲೈಹಿ’ ಅಂದರೆ ಅದರ ಕಡೆಗೆ ನೋಡಿದ. ‘ನಝರ ಫೀಹಿ’ ಅಂದರೆ ಅದರ ಒಳಹೊಕ್ಕು ಪರಿಶೀಲಿಸಿದ. ಇಂಗ್ಲಿಷಿನ ‘ಲುಕ್ ಅಟ್’, ‘ಲುಕ್ ಇನ್‌ಟು’ ಇವೆರಡರ ವ್ಯತ್ಯಾಸ ಕೂದಲೆಳೆಯಷ್ಟೂ ತಪ್ಪದೆ ಅಲ್ಲಿ ಉಂಟು. ‘ರಗಿಬ’ ಎಂಬ ಕ್ರಿಯೆಯ ಜೊತೆ ‘ಫೀ’ ಬಂದರೆ ಬಯಸಿದ ಅಂತ ಅರ್ಥ, ‘ಅನ್’ ಬಂದರೆ ಬೇಡವೆಂದು ಮುಖ ತಿರುಗಿಸಿದ ಅಂತ ಅರ್ಥ. ಇನ್ನೊಂದಂತೂ ನಮ್ಮೆಲ್ಲರ ಮನೆಗೆ ಪರಿಚಯದ್ದು. ‘ದಆ ಲಹು’ ಅಂದರೆ ಅವನಿಗಾಗಿ ದುಆ ಮಾಡಿದ. ‘ದಆ ಅಲೈಹಿ’ ಅಂದರೆ ಅವನ ವಿರುದ್ಧ ದುಆ ಮಾಡಿದ, ಅಂದರೆ ಶಪಿಸಿದ. ಕ್ರಿಯೆ ಒಂದೇ. ಹಿಂದೆ ಬರುವ ಒಂದು ಸಣ್ಣ ಹರ್ಫಿನಿಂದ ಆಶೀರ್ವಾದ ಶಾಪವಾಗುತ್ತದೆ. ಇದನ್ನು ಕಲಿತ ಹುಡುಗ ‘ಪುಟ್ ಆನ್’, ‘ಪುಟ್ ಆಫ್’ ಕಂಡು ಹೆದರಬೇಕಾಗಿಲ್ಲ.

ಹೆದರಿದವರು ನಾವು ಮಾತ್ರ ಅಂತಲೂ ತಿಳಿಯಬಾರದು. 1755ರಲ್ಲಿ ಲಂಡನಿನಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮುಯೆಲ್ ಜಾನ್ಸನ್, ಅದರ ಮುನ್ನುಡಿಯಲ್ಲೇ ಈ ಕ್ರಿಯಾಪದಗಳ ಮಾತೆತ್ತಿದ್ದಾನೆ. ಹೊರಗಿನವರಿಗೆ ತನ್ನ ಭಾಷೆಯಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಇವೇ ಅಂತ ಆತನಿಗೆ ಆಗಲೇ ಗೊತ್ತಿತ್ತು. ಹೆಸರು ಸಿಕ್ಕಿದ್ದು ಬಹಳ ತಡವಾಗಿ. ‘ಫ್ರೇಸಲ್ ವರ್ಬ್’ ಎಂಬ ಪದವನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ; ಅದನ್ನು 1925ರ ತಮ್ಮ ಪುಸ್ತಕದಲ್ಲಿ ಬರೆದು ಪ್ರಚಾರಕ್ಕೆ ತಂದವರು ಲೋಗನ್ ಪಿಯರ್ಸಾಲ್ ಸ್ಮಿತ್. ಇತ್ತ ನಮ್ಮ ಮಂಗಳೂರಿನಲ್ಲಿ ಅದಕ್ಕೂ ಮೊದಲೇ, 1894ರಲ್ಲಿ, ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಆ ಜರ್ಮನ್ ಪಾದ್ರಿ ನಮ್ಮ ‘ಬಿಡು’, ‘ಕೊಳ್ಳು’ಗಳ ಜೊತೆ ಎಷ್ಟು ರಾತ್ರಿ ಗುದ್ದಾಡಿರಬೇಕು ಅಂತ ನಮಗೆ ಆಗಾಗ ಅನ್ನಿಸುವುದುಂಟು.

ಮತ್ತೆ ಶಾಲೆಯ ಮಾತಿಗೆ ಬರೋಣ. ನಮ್ಮ ಮಕ್ಕಳು ಕಲಿಯುವುದು ಪುಸ್ತಕದ ಇಂಗ್ಲಿಷ್, ಕೋರ್ಟು ಕಚೇರಿಯ ಇಂಗ್ಲಿಷ್. ‘ಪೋಸ್ಟ್‌ಪೋನ್’ ಗೊತ್ತು, ‘ಪುಟ್ ಆಫ್’ ಗೊತ್ತಿಲ್ಲ. ‘ಕ್ಯಾನ್ಸಲ್’ ಗೊತ್ತು, ‘ಕಾಲ್ ಆಫ್’ ಗೊತ್ತಿಲ್ಲ. ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಬರಹದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಕನ್ನಡದಲ್ಲಿ ‘ವಿಳಂಬಿಸು’ ಅಂತ ಬರೆದು ‘ತಡ ಮಾಡು’ ಅಂತ ಮಾತಾಡುವುದಿಲ್ಲವೇ, ಹಾಗೆ. ಮಜಾ ಏನೆಂದರೆ ‘ಪ್ರಿಪೋನ್’ ಎಂಬ ಪದ ನಮ್ಮವರ ಬಾಯಲ್ಲಿ ಸಲೀಸು. ಅದು ಭಾರತದವರೇ ಬಳಕೆಗೆ ತಂದ ಪದ, ಈಗ ಆಕ್ಸ್‌ಫರ್ಡಿನವರೂ ಸೇರಿಸಿಕೊಂಡಿದ್ದಾರೆ. ಹೊಸ ಪದವನ್ನೇ ಹುಟ್ಟಿಸಿದ ನಮ್ಮವರು ‘ಪುಟ್ ಆಫ್’ ಹತ್ತಿರ ಬಂದು ನಿಂತುಬಿಡುತ್ತಾರೆ.

ಪುಟ್ ಆಫ್‌ಗೂ ಕಾಲ್ ಆಫ್‌ಗೂ ಇರುವ ಅಂತರದಲ್ಲಿ ಒಂದು ಕೆಲಸವೇ ತಪ್ಪಿಹೋಗಬಹುದು. ಬಾಗಲೂರು ಕಡೆಯ ಒಂದು ಗೋದಾಮಿನ ಕೆಲಸಕ್ಕೆ ಅರ್ಜಿ ಹಾಕಿದ್ದ ಹುಡುಗನೊಬ್ಬನಿಗೆ ಫೋನು ಬಂತು: ಇಂಟರ್‌ವ್ಯೂ ‘ಹ್ಯಾಸ್ ಬೀನ್ ಪುಟ್ ಆಫ್’. ಆಫ್ ಅಂದ ಮೇಲೆ ಮುಗಿಯಿತಲ್ಲ, ಅವನು ಬ್ಯಾಗು ತುಂಬಿಸಿ ಊರಿಗೆ ಹೊರಟ. ಇಂಟರ್‌ವ್ಯೂ ಮುಂದಕ್ಕೆ ಹೋಗಿತ್ತೇ ಹೊರತು ರದ್ದಾಗಿರಲಿಲ್ಲ. ಮುಂದಿನ ದಿನಾಂಕದ ಸಂದೇಶ ಬಂದಾಗ ಅವನು ಪುತ್ತೂರಿನಲ್ಲಿ ಮದುವೆ ಊಟದ ಪಂಕ್ತಿಯಲ್ಲಿದ್ದ. ಇದರ ತಿರುಗುಮುರುಗೂ ಆಗುತ್ತದೆ. ‘ಕಾಲ್ ಆಫ್’ ಅಂದದ್ದನ್ನು ‘ಕಾಲ್’ ಮಾಡ್ತಾರಂತೆ ಅಂತ ತಿಳಿದು ವಾರಗಟ್ಟಲೆ ಫೋನು ಕೈಯಲ್ಲಿ ಹಿಡಿದು ಕಾದವರೂ ಇದ್ದಾರೆ. ಕಾಲ್ ಬ್ಯಾಕ್ ಅಂದರೆ ತಿರುಗಿ ಫೋನು ಮಾಡುವುದು, ಕಾಲ್ ಆಫ್ ಅಂದರೆ ರದ್ದು. ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’ ಅಂದರೆ ಆಮೇಲೆ ತಿಳಿಸುತ್ತೇವೆ. ಅದು ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಆ ಮಾತು ನಂಬಿ ಕೈಯಲ್ಲಿರುವ ಕೆಲಸ ಬಿಡುವ ಹಾಗಿಲ್ಲ.

ಈ ‘ಆಫ್’ ಎಂಬುದು ನಮಗೆ ವಿಶೇಷ ಗಂಡಾಂತರ. ಯಾಕೆಂದರೆ ಅದನ್ನು ನಾವು ಆಗಲೇ ಕನ್ನಡ ಮಾಡಿಕೊಂಡುಬಿಟ್ಟಿದ್ದೇವೆ. ಲೈಟ್ ಆಫ್ ಮಾಡು, ಫ್ಯಾನ್ ಆಫ್ ಮಾಡು, ಫೋನ್ ಆಫ್ ಆಗಿದೆ. ಆಫ್ ಅಂದರೆ ನಿಂತುಹೋಯಿತು ಅಂತ ನಮ್ಮ ತಲೆಯಲ್ಲಿ ಅಚ್ಚೊತ್ತಿದೆ. ಈಗ ಒಂದು ದೊಡ್ಡ ಕಟ್ಟಡದಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಂತ ಹುಡುಗನಿಗೆ ವಾಕಿಟಾಕಿಯಲ್ಲಿ ‘ದ ಫೈರ್ ಅಲಾರ್ಮ್ ವೆಂಟ್ ಆಫ್’ ಅಂತ ಕೇಳಿತು ಅನ್ನಿ. ಅವನು ಏನು ತಿಳಿಯುತ್ತಾನೆ? ಅಲಾರ್ಮ್ ಆಫ್ ಆಗಿದೆ, ಗಾಬರಿ ಇಲ್ಲ. ನಿಜ ಅದರ ಉಲ್ಟಾ. ಅಲಾರ್ಮ್ ‘ಗೋ ಆಫ್’ ಅಂದರೆ ಹೊಡೆದುಕೊಂಡಿತು, ಬೊಬ್ಬೆ ಹಾಕಿತು ಅಂತ. ಪಟಾಕಿ, ಬಾಂಬು, ಬಂದೂಕು ಕೂಡ ‘ಗೋ ಆಫ್’ ಆಗುತ್ತವೆ, ಅಂದರೆ ಸಿಡಿಯುತ್ತವೆ. ಅದೇ ಕರೆಂಟು, ದೀಪ ‘ಗೋ ಆಫ್’ ಆದರೆ ಮಾತ್ರ ನಮ್ಮ ಅರ್ಥದಲ್ಲೇ ನಿಲ್ಲುತ್ತವೆ. ಇನ್ನು ಹೊಟೇಲಿನ ಅಡುಗೆಮನೆಯಲ್ಲಿ ಬ್ರಿಟಿಷ್ ಇಂಗ್ಲಿಷ್ ಮಾತಾಡುವ ಶೆಫ್ ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಮುಗಿಯಿತು ಅಂತಲ್ಲ, ಹಾಳಾಗಿದೆ, ಚೆಲ್ಲು ಅಂತ. ಅದನ್ನೇ ಚಹಾಕ್ಕೆ ಹಾಕಿದರೆ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ. ಬೆಂಕಿ ನಂದಿಸುವುದಕ್ಕೆ ‘ಪುಟ್ ಔಟ್’ ಅನ್ನುತ್ತಾರೆ, ‘ಪುಟ್ ಆಫ್’ ಅಲ್ಲ. ಬೆಂಕಿಯನ್ನು ಯಾರೂ ನಾಳೆಗೆ ಮುಂದೂಡುವುದಿಲ್ಲ ಅಂತ ನೆನಪಿಟ್ಟರೆ ಸಾಕು.

ಆಫ್‌ನ ಇನ್ನೊಂದು ಗುಂಪು ಕೆಲಸಕ್ಕೆ ಸಂಬಂಧಪಟ್ಟದ್ದು, ಇದನ್ನು ಮನೆಯ ಹಿರಿಯರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ‘ಡೇ ಆಫ್’ ಅಂದರೆ ರಜೆ. ‘ಟೇಕ್ ಅ ಡೇ ಆಫ್’ ಅಂದರೆ ಒಂದು ದಿನ ರಜೆ ಮಾಡು. ‘ಲೆಟ್ ಆಫ್’ ಅಂದರೆ ತಪ್ಪು ಮಾಡಿದವನನ್ನು ಶಿಕ್ಷೆ ಇಲ್ಲದೆ ಬಿಟ್ಟುಬಿಡುವುದು. ‘ಲೇ ಆಫ್’ ಅಂದರೆ ಕಂಪೆನಿಗೆ ಕೆಲಸ ಕಡಿಮೆಯಾಗಿ ಅಥವಾ ಖರ್ಚು ಉಳಿಸಲಿಕ್ಕೆ ನೌಕರನನ್ನು ತೆಗೆಯುವುದು. ಅದರಲ್ಲಿ ನೌಕರನ ತಪ್ಪು ಇರಬೇಕಾಗಿಲ್ಲ. ಮಗ ಊರಿಗೆ ಫೋನು ಮಾಡಿ ‘ಲೇ ಆಫ್ ಆಯ್ತು’ ಅಂದಾಗ ‘ಏನು ಕಳ್ಳತನ ಮಾಡಿದೆ’ ಅಂತ ಕೇಳುವ ಬಾಪಂದಿರು ಇದ್ದಾರೆ. ಹಾಗೆ ಕೇಳಬಾರದು. ತಪ್ಪಿಗೆ ತೆಗೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಫೈರ್’, ‘ಸ್ಯಾಕ್’ ಅಂತ ಬೇರೆಯೇ ಮಾತು ಉಂಟು. ಇವೆಲ್ಲಕ್ಕಿಂತ ನಯವಾದ ಕತ್ತರಿ ‘ಲೆಟ್ ಗೋ’. ‘ವಿ ಹ್ಯಾವ್ ಟು ಲೆಟ್ ಯೂ ಗೋ’. ಅಕ್ಷರಕ್ಕೆ ಅಕ್ಷರ ಹಿಡಿದರೆ ‘ನಿನ್ನನ್ನು ಹೋಗಲು ಬಿಡಬೇಕಾಗಿದೆ’. ಹಬ್ಬಕ್ಕೆ ರಜೆ ಕೇಳಿದ್ದ ಹುಡುಗ ಇದನ್ನು ಕೇಳಿ ‘ಥ್ಯಾಂಕ್ಯೂ ಸಾರ್’ ಅಂತ ಸಲಾಂ ಹೊಡೆದು ಬಂದರೆ ಆಶ್ಚರ್ಯವಿಲ್ಲ. ಅದು ರಜೆಯಲ್ಲ, ಕೆಲಸದಿಂದ ತೆಗೆದದ್ದು. ಆ ಹೊತ್ತಿನಲ್ಲಿ ಕೇಳಬೇಕಾದ್ದು ಬಾಕಿ ಸಂಬಳ, ಅನುಭವ ಪತ್ರ, ಪಿ.ಎಫ್. ವಿಷಯ. ಅರ್ಥವಾಗದೆ ನಗುತ್ತಾ ಹೊರಗೆ ಬಂದವನು ಅದನ್ನೆಲ್ಲ ಕೇಳುವುದು ಯಾವಾಗ?

ಟ್ಯಾಕ್ಸಿ ಓಡಿಸುವವರದ್ದು ಬೇರೆ ಪಂಚಾತಿಗೆ. ನಮ್ಮಲ್ಲಿ ಬಸ್ಸಿನಿಂದಲೂ ಕಾರಿನಿಂದಲೂ ಇಳಿಯುವುದೇ, ಆದ್ದರಿಂದ ಎಲ್ಲದಕ್ಕೂ ‘ಗೆಟ್ ಡೌನ್’ ಅನ್ನುತ್ತೇವೆ. ಬೆಂಗಳೂರಿನ ಗಿರಾಕಿಗೆ ಅದು ಅರ್ಥವಾಗುತ್ತದೆ. ಲಂಡನಿನಿಂದಲೋ ನ್ಯೂಯಾರ್ಕಿನಿಂದಲೋ ಬಂದಿಳಿದವನಿಗೆ ‘ಸರ್, ಗೆಟ್ ಡೌನ್’ ಅಂತ ಜೋರಾಗಿ ಹೇಳಿದರೆ, ತಲೆ ತಗ್ಗಿಸು, ಅಪಾಯ ಇದೆ ಅಂತ ಕೇಳಿಸಬಹುದು. ಅವರ ಲೆಕ್ಕ ಹೀಗಿದೆ: ಒಳಗೆ ಎದ್ದು ನಿಂತು ನಡೆದಾಡಲಿಕ್ಕೆ ಆಗುವ ಬಸ್ಸು, ರೈಲು, ವಿಮಾನ, ಹಡಗಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಗೆ ಹೋಗಿ ಕೂತುಕೊಳ್ಳುವ ಕಾರು, ಆಟೋ, ಟ್ಯಾಕ್ಸಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಬೈಕಿಗೂ ಕುದುರೆಗೂ ಮೇಲೆ ಕೂರುವುದಾದ್ದರಿಂದ ಮತ್ತೆ ಆನ್, ಆಫ್. ಹಾಗಂತ ಯಶವಂತಪುರ ಸ್ಟೇಶನ್ ಮುಂದೆ ಗಿರಾಕಿಗೆ ‘ಗೆಟ್ ಔಟ್’ ಅಂದುಬಿಡಬೇಡಿ. ನಮ್ಮ ದೇಶದಲ್ಲಿ ಅದು ಮೇಷ್ಟ್ರು ಕ್ಲಾಸಿನಿಂದ ಹೊರಗೆ ಹಾಕುವ ಮಾತು. ‘ಯು ಕ್ಯಾನ್ ಗೆಟ್ ಔಟ್ ಹಿಯರ್, ಸರ್’ ಅಂದರೆ ಆಯಿತು, ಒಂದು ‘ಕ್ಯಾನ್’ ಎಲ್ಲವನ್ನೂ ನಯ ಮಾಡುತ್ತದೆ.

ಪಿಕಪ್, ಡ್ರಾಪ್ ಎಂಬ ಎರಡು ಪದ ಈಗ ಕನ್ನಡದ್ದೇ ಆಗಿವೆ. ‘ಏರ್‌ಪೋರ್ಟ್ ಡ್ರಾಪ್ ಉಂಟು’ ಅಂತ ನಮ್ಮ ಚಾಲಕರು ಮನೆಯಲ್ಲೂ ಹೇಳುತ್ತಾರೆ. ಇಂಗ್ಲಿಷಿನವರ ಬಾಯಲ್ಲಿ ಇಳಿಸುವುದು ‘ಡ್ರಾಪ್ ಆಫ್’. ‘ಡ್ರಾಪ್ ಇನ್’ ಅಂದರೆ ಮೊದಲೇ ಹೇಳದೆ ಮನೆಗೆ ಹೋಗಿಬರುವುದು. ನಮ್ಮಲ್ಲಿ ನೆಂಟರೆಲ್ಲ ಹಾಗೇ ಬರುವುದು ಅನ್ನಿ. ‘ಡ್ರಾಪ್ ಔಟ್’ ಅಂದರೆ ಓದು ಅರ್ಧಕ್ಕೆ ಬಿಡುವುದು. ಹಾಗೆಯೇ ‘ಪಿಕ್ ಅಪ್’ ಅಂದರೆ ಹತ್ತಿಸಿಕೊಳ್ಳುವುದು, ‘ಪಿಕ್ ಔಟ್’ ಅಂದರೆ ಆರಿಸುವುದು, ‘ಪಿಕ್ ಆನ್’ ಅಂದರೆ ಒಬ್ಬನನ್ನೇ ಗುರಿ ಮಾಡಿ ಪೀಡಿಸುವುದು. ಮಗು ಶಾಲೆಯಿಂದ ಬಂದು ‘ದೇ ಪಿಕ್ ಆನ್ ಮಿ’ ಅಂದರೆ ತಂದೆತಾಯಿ ಕಿವಿ ನೆಟ್ಟಗೆ ಮಾಡಿ ಕೇಳಬೇಕು. ಅದು ಆಟಕ್ಕೆ ಆರಿಸಿಕೊಂಡ ಸುದ್ದಿಯಲ್ಲ.

ಇಲ್ಲಿ ಒಂದು ವ್ಯಾಕರಣದ ಗಂಟು ಉಂಟು, ಬಿಡಿಸಿಬಿಡುವುದೇ ಒಳ್ಳೆಯದು. ‘ಪಿಕ್ ಅಪ್ ದ ಕಸ್ಟಮರ್’ ಸರಿ, ‘ಪಿಕ್ ದ ಕಸ್ಟಮರ್ ಅಪ್’ ಕೂಡ ಸರಿ. ಆದರೆ ಅವನನ್ನು, ಅವಳನ್ನು, ಅದನ್ನು ಅನ್ನುವಾಗ ‘ಪಿಕ್ ಹಿಮ್ ಅಪ್’ ಅಂತಲೇ ಮಧ್ಯದಲ್ಲಿ ಹಾಕಬೇಕು. ‘ಪಿಕ್ ಅಪ್ ಹಿಮ್’ ಅಂದರೆ ಅವರ ಕಿವಿಗೆ ಕಲ್ಲು ಕಡಿದ ಹಾಗೆ. ‘ಲುಕ್ ಆಫ್ಟರ್’ ಮಾತ್ರ ಯಾರಿಗೂ ಮಧ್ಯೆ ಜಾಗ ಕೊಡುವುದಿಲ್ಲ, ‘ಲುಕ್ ಆಫ್ಟರ್ ಹಿಮ್’ ಅಂತಲೇ ಹೇಳಬೇಕು. ಅರಬಿಯಲ್ಲಿ ‘ಅಲೈಹಿ’, ‘ಫೀಹಿ’ ಅಂತ ಸರ್ವನಾಮ ಹರ್ಫಿಗೆ ಅಂಟಿಕೊಂಡೇ ಇರುತ್ತದೆ, ಆ ಕಡೆ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಪ್ರತಿಯೊಂದರ ಸ್ವಭಾವವನ್ನೂ ಬೇರೆ ಬೇರೆ ಕಲಿಯಬೇಕು. ಉಚ್ಚಾರದಲ್ಲಿಯೂ ಒಂದು ಗುರುತು ಉಂಟು. ಹತ್ತಿಸಿಕೊ ಅನ್ನುವ ಕ್ರಿಯೆಯಾದರೆ ಒತ್ತು ‘ಅಪ್’ ಮೇಲೆ. ಪಿಕಪ್ ಅನ್ನುವ ಹೆಸರಾದರೆ ಒತ್ತು ‘ಪಿಕ್’ ಮೇಲೆ, ಬರೆಯುವಾಗಲೂ ಒಂದೇ ಪದ. ಲಾಗ್ ಇನ್, ಲಾಗಿನ್ ಕೂಡ ಹಾಗೆಯೇ.

ಎಲ್ಲ ವ್ಯತ್ಯಾಸವನ್ನೂ ತಪ್ಪು ಅಂತ ಹೇಳುವುದು ನಮಗೆ ಒಪ್ಪಿಗೆಯಿಲ್ಲ. ‘ಯಾವ ವರ್ಷ ಪಾಸ್ ಔಟ್ ಆದಿರಿ’ ಅಂತ ಇಂಟರ್‌ವ್ಯೂ ಮಾಡುವ ಕನ್ನಡದ ಮ್ಯಾನೇಜರೇ ಕೇಳುತ್ತಾರೆ. ಭಾರತದಲ್ಲಿ ಅದಕ್ಕೆ ಓದು ಮುಗಿಸುವುದು ಅಂತಲೇ ಅರ್ಥ. ಸೇನೆ, ಪೊಲೀಸ್ ತರಬೇತಿ ಮುಗಿದಾಗ ಮಾಡುವುದು ಕೂಡ ಪಾಸಿಂಗ್ ಔಟ್ ಪರೇಡೇ. ಆದರೆ ಅಮೆರಿಕದ ಗಿರಾಕಿಯ ಜೊತೆ ಫೋನಿನಲ್ಲಿ ‘ಐ ಪಾಸ್ಡ್ ಔಟ್ ಇನ್ ಕಾಲೇಜ್’ ಅಂದರೆ ಕಾಲೇಜಿನಲ್ಲಿ ಮೂರ್ಛೆ ಬಿದ್ದೆ ಅಂತ ಆಗುತ್ತದೆ. ಅವರಿಗೆ ‘ಗ್ರ್ಯಾಜುಯೇಟ್’ ಅನ್ನಬೇಕು, ಪಿಯುಸಿಯಾದರೆ ‘ಫಿನಿಶ್’ ಅಂದರೆ ಸಾಕು. ಇದರ ಪಕ್ಕದಲ್ಲೇ ‘ಪಾಸ್ ಅವೇ’ ಉಂಟು, ತೀರಿಕೊಳ್ಳುವುದು. ಅದನ್ನಂತೂ ಎಲ್ಲಿಯೂ ಬೆರಕೆ ಮಾಡಬಾರದು. ‘ಎಲ್ಲಿ ಪುಟ್ ಅಪ್ ಆಗಿದ್ದೀರಿ’ ಎಂಬುದೂ ನಮ್ಮ ದೇಶದ ಮಾತೇ. ಕನ್ನಡದಲ್ಲಿ ‘ಎಲ್ಲಿ ಇಳಿದುಕೊಂಡಿದ್ದೀರಿ’ ಅಂತ ಕೇಳುವುದಿಲ್ಲವೇ, ಅದರ ತಮ್ಮ. ಕೇಳಲಿ ಬಿಡಿ. ಆದರೆ ‘ಪುಟ್ ಅಪ್ ವಿತ್ ಮೈ ಅಂಕಲ್’ ಅಂದರೆ ಮಾವನ ಮನೆಯಲ್ಲಿ ಇದ್ದೇನೆ ಅನ್ನುವ ಬದಲು ಮಾವನನ್ನು ಹೇಗೋ ಸಹಿಸಿಕೊಂಡಿದ್ದೇನೆ ಅಂತ ಆಗುವ ಸಂಭವ ಹೆಚ್ಚು. ಮಾವನಿಗೆ ಇಂಗ್ಲಿಷ್ ಬರುತ್ತಿದ್ದರೆ ಅಂದೇ ಬೇರೆ ರೂಮು ಹುಡುಕಬೇಕಾದೀತು. ‘ಕೋಪ್ ಅಪ್ ವಿತ್’ ಅಂತ ಬಹಳ ಜನ ಬರೆಯುತ್ತಾರೆ, ಅಲ್ಲಿ ಅಪ್ ಬೇಡ.

ಫೋನಿನ ಭಾಷೆಗೆ ಬಂದರೆ ‘ಹ್ಯಾಂಗ್’ ಒಂದೇ ಪದ ಮೂರು ವೇಷ ಹಾಕುತ್ತದೆ. ಬೆಂಗಳೂರಿನಲ್ಲಿ ‘ಫೋನ್ ಹ್ಯಾಂಗ್ ಆಗಿದೆ’ ಅಂದರೆ ಪರದೆ ಕದಲುವುದಿಲ್ಲ. ‘ಹ್ಯಾಂಗ್ ಆನ್’ ಅಂದರೆ ಸ್ವಲ್ಪ ಇರಿ. ‘ಹ್ಯಾಂಗ್ ಅಪ್’ ಅಂದರೆ ಫೋನು ಇಟ್ಟುಬಿಡುವುದು. ಹಿಂದೆ ಗೋಡೆಯ ಫೋನಿನ ಕೊಕ್ಕೆಗೆ ರಿಸೀವರನ್ನು ನೇತು ಹಾಕುತ್ತಿದ್ದರಲ್ಲ, ಅಲ್ಲಿಂದ ಬಂದ ಮಾತು. ಕಸ್ಟಮರ್ ಕೇರ್‌ನಲ್ಲಿ ಕೂತ ಹುಡುಗಿಗೆ ಗಿರಾಕಿ ‘ಹ್ಯಾಂಗ್ ಆನ್’ ಅಂದಾಗ ಅವಳು ಲೈನ್ ಕಟ್ ಮಾಡಿದರೆ ಆ ದಿನದ ಅಂಕ ಹೋಯಿತು. ‘ವಿ ಗಾಟ್ ಕಟ್ ಆಫ್’ ಅಂದರೆ ಲೈನ್ ತಾನಾಗಿ ತುಂಡಾಯಿತು, ಯಾರ ಮೇಲೂ ದೂರಿಲ್ಲ. ‘ಯು ಕಟ್ ಮಿ ಆಫ್’ ಅಂದರೆ ನಾನು ಹೇಳುತ್ತಿರುವಾಗ ನಡುವೆ ಬಾಯಿ ಹಾಕಿದೆ ಎಂಬ ಆಕ್ಷೇಪ. ಈ ಎರಡರ ನಡುವೆ ಒಂದು ಕ್ಷಮೆ ಕೇಳುವುದೋ ಬೇಡವೋ ನಿರ್ಧಾರವಾಗುತ್ತದೆ. ‘ಹ್ಯಾಂಗ್ ಔಟ್’ ಅಂದರೆ ಗೆಳೆಯರ ಜೊತೆ ಕಾಲ ಕಳೆಯುವುದು. ‘ಐ ಕಾಂಟ್ ಮೇಕ್ ಔಟ್’ ಅಂದರೆ ಕೈಬರಹವೋ ಮಾತೋ ತಿಳಿಯುತ್ತಿಲ್ಲ ಅಂತ. ಮೇಕ್ ಔಟ್‌ಗೆ ಅಮೆರಿಕದ ಸಿನೆಮಾಗಳಲ್ಲಿ ಇನ್ನೊಂದು ಅರ್ಥ ಉಂಟು, ಅದು ಈ ಪುಟಕ್ಕೆ ಬೇಡ.

ಅರ್ಜಿ ತುಂಬುವವರಿಗೆ ಒಂದು ಸಮಾಧಾನದ ಸುದ್ದಿ. ‘ಫಿಲ್ ಇನ್’, ‘ಫಿಲ್ ಔಟ್’ ಇವೆರಡೂ ಒಂದೇ. ಬ್ರಿಟಿಷರು ಹೆಚ್ಚಾಗಿ ಇನ್ ಅನ್ನುತ್ತಾರೆ, ಅಮೆರಿಕದವರು ಔಟ್. ‘ಫಿಲ್ ಅಪ್ ದ ಫಾರ್ಮ್’ ನಮ್ಮ ಕಡೆಯ ರೂಢಿ. ಹೊರಗೆ ಅದನ್ನು ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿಸಲಿಕ್ಕೆ ಇಟ್ಟುಕೊಂಡಿದ್ದಾರೆ. ಇದೇ ಜಾತಿಯದ್ದು ಇನ್ನೊಂದು, ಮನೆ ‘ಬರ್ನ್ ಡೌನ್’ ಆದರೂ ಕಾಗದ ‘ಬರ್ನ್ ಅಪ್’ ಆದರೂ ಕೊನೆಗೆ ಉಳಿಯುವುದು ಬೂದಿ. ಮೊಬೈಲಿನಲ್ಲಿ ಮಾತ್ರ ಈ ಉದಾರತನ ಇಲ್ಲ. ‘ಸೈನ್ ಅಪ್’ ಅಂದರೆ ಹೊಸದಾಗಿ ಖಾತೆ ತೆರೆಯುವುದು, ‘ಸೈನ್ ಇನ್’ ಅಂದರೆ ಇರುವ ಖಾತೆಯೊಳಗೆ ಹೋಗುವುದು, ‘ಸೈನ್ ಔಟ್’ ಹೊರಬರುವುದು. ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿ ಸೈನ್ ಔಟ್ ಮಾಡದೆ ಎದ್ದು ಬಂದರೆ ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ‘ಆಪ್ಟ್ ಇನ್’, ‘ಆಪ್ಟ್ ಔಟ್’ ಎಂಬ ಜೋಡಿಯೂ ಹಣದ ಆ್ಯಪ್‌ಗಳಲ್ಲಿ ಬರುತ್ತದೆ, ಸೇರುತ್ತೇನೆ, ಸೇರುವುದಿಲ್ಲ. ಅವಸರದಲ್ಲಿ ಬೆರಳು ಒತ್ತಿ ಬೇಡದ ಯೋಜನೆಗೆ ತಿಂಗಳು ತಿಂಗಳು ಹಣ ಕಟ್ಟುವವರು ನಮ್ಮ ಓದುಗರಲ್ಲೂ ಇರಬಹುದು, ಒಮ್ಮೆ ತೆಗೆದು ನೋಡಿ.

ಐನೂರು ಬಾಲದ ಕ್ರಿಯಾಪದಗಳ ಪಟ್ಟಿ ಇರುವ ಪುಸ್ತಕಗಳು ಮಾರುಕಟ್ಟೆಯಲ್ಲಿ ಧಾರಾಳ. ಪಟ್ಟಿ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಸ್ಥಳ ತುಂಬುತ್ತಾರೆ, ಅಂಗಡಿಗೆ ಬಂದ ಗಿರಾಕಿಯ ಮುಂದೆ ತಡವರಿಸುತ್ತಾರೆ. ತಮ್ಮ ಕೆಲಸಕ್ಕೆ ಬೇಕಾದ ಹತ್ತು ಹದಿನೈದನ್ನು ವಾಕ್ಯದ ಸಮೇತ ಹಿಡಿದುಕೊಂಡವರು ಗೆದ್ದಿದ್ದಾರೆ. ಚಾಲಕನಿಗೆ ‘ಪಿಕ್ ಅಪ್, ಡ್ರಾಪ್ ಆಫ್, ಪುಲ್ ಓವರ್, ಬ್ಯಾಕ್ ಅಪ್’. ಅಡುಗೆಯವನಿಗೆ ‘ಗೋ ಆಫ್, ಕಟ್ ಅಪ್, ವಾಶ್ ಅಪ್, ರನ್ ಔಟ್ ಆಫ್’. ಆಫೀಸಿನ ಹುಡುಗಿಗೆ ‘ಪುಟ್ ಆಫ್, ಕಾಲ್ ಆಫ್, ಫಾಲೋ ಅಪ್, ಹ್ಯಾಂಡ್ ಓವರ್’. ಮತ್ತೊಂದು, ಅರ್ಥವಾಗದಿದ್ದರೆ ಅಲ್ಲೇ ಕೇಳುವುದಕ್ಕೆ ನಾಚಿಕೆ ಬೇಡ. ‘ಡು ಯು ಮೀನ್ ಪೋಸ್ಟ್‌ಪೋನ್ಡ್ ಆರ್ ಕ್ಯಾನ್ಸಲ್ಡ್?’ ಅಂತ ನಮಗೆ ಗೊತ್ತಿರುವ ಪುಸ್ತಕದ ಪದದಲ್ಲೇ ತಿರುಗಿ ಕೇಳಬಹುದು. ಹೇಳಿದವರು ತಾವೇ ಬಿಡಿಸಿ ಹೇಳುತ್ತಾರೆ, ನಮ್ಮ ಗೌರವಕ್ಕೂ ಕುಂದಿಲ್ಲ.

ಆರ್.ಟಿ. ನಗರದ ಕಡೆ ಇಶಾ ನಮಾಝ್ ಮುಗಿದ ಮೇಲೆ ಕೆಲವು ಹುಡುಗರು ಅರ್ಧ ಗಂಟೆ ಕೂತು ಆ ದಿನ ಕೆಲಸದಲ್ಲಿ ಕೇಳಿಬಂದ ಮಾತುಗಳನ್ನು ಮುಂದಿಡುತ್ತಾರೆ. ಕಳೆದ ವಾರ ‘ಟರ್ನ್’ ಬಂದಿತ್ತು. ‘ಟರ್ನ್ ಅಪ್’ ಅಂದರೆ ಹಾಜರಾಗುವುದು, ಟಿ.ವಿ.ಯ ವಿಷಯದಲ್ಲಿ ಶಬ್ದ ಏರಿಸುವುದು. ‘ಟರ್ನ್ ಡೌನ್’ ಅಂದರೆ ಶಬ್ದ ಇಳಿಸುವುದು, ಮನುಷ್ಯರ ವಿಷಯದಲ್ಲಿ ಬೇಡವೆನ್ನುವುದು. ಹೊಟೇಲಿನಲ್ಲಿ ರೂಮ್ ಬಾಯ್ ಆಗಿರುವ ಹುಡುಗನೊಬ್ಬ, ‘ಹಾಗಾದರೆ ಉಸ್ತಾದ್, ಸಂಜೆ ಟರ್ನ್ ಡೌನ್ ಸರ್ವಿಸ್ ಅಂತ ನಮ್ಮನ್ನು ಕಳಿಸ್ತಾರಲ್ಲ, ಅಲ್ಲಿ ಯಾರಿಗೆ ಬೇಡ ಅನ್ನುವುದು?’ ಅಂತ ಕೇಳಿದ. ಯಾರಿಗೂ ಅಲ್ಲ. ಅತಿಥಿ ಮ‍ಲಗುವ ಮೊದಲು ಹಾಸಿಗೆಯ ಹೊದಿಕೆಯ ಅಂಚನ್ನು ಮಡಚಿ, ದೀಪ ಸಣ್ಣಗೆ ಮಾಡಿ, ಕುಡಿಯುವ ನೀರು ಇಟ್ಟು ಬರುವುದು. ಆರು ತಿಂಗಳಿನಿಂದ ಅವನು ದಿನಾ ಅದನ್ನೇ ಮಾಡುತ್ತಿದ್ದ.